ಕಮಾಂಡಿನ ಒಳಗೇ ಹೆಲ್ಪ್ ಕೂರಿಸುವ ಬಗೆ: ಪೈಥಾನ್‌ನ ಆರ್ಗ್‌ಪಾರ್ಸ್ ಹಿಡಿದು

ಟರ್ಮಿನಲ್‌ನಲ್ಲಿ ಓಡುವ ಪ್ರೋಗ್ರಾಮಿಗೆ ಬಟನ್ನೂ ಇಲ್ಲ, ಮೆನುವೂ ಇಲ್ಲ. ಏನು ಟೈಪ್ ಮಾಡಬೇಕೆಂದು ತಿಳಿಯದವರ ಮುಂದೆ ಇರುವುದು ಮಿನುಗುವ ಕರ್ಸರ್ ಒಂದೇ. ಅವರು ಮೊದಲು ಮಾಡುವ ಕೆಲಸ, ಪ್ರೋಗ್ರಾಮಿನ ಹೆಸರಿನ ಮುಂದೆ --ಹೆಲ್ಪ್ ಹಾಕಿ ಎಂಟರ್ ಒತ್ತುವುದು. ಆಗ ಬರುವ ಇಪ್ಪತ್ತು ಮೂವತ್ತು ಸಾಲುಗಳಲ್ಲಿ ಉತ್ತರ ಸಿಕ್ಕಿದರೆ ಸರಿ, ಇಲ್ಲದಿದ್ದರೆ ಬರೆದವರಿಗೇ ಫೋನು. ವೆಬ್‌ಸೈಟಿನಲ್ಲಿ ಎಷ್ಟೇ ಚೆಂದದ ಕೈಪಿಡಿ ಇರಲಿ, ಅದು ಬೇರೆ ಆವೃತ್ತಿಯದಾಗಿರಬಹುದು. ಕೆಲಸ ಮಾಡುತ್ತಿರುವ ಸರ್ವರಿನಲ್ಲಿ ಬ್ರೌಸರೇ ಇಲ್ಲದಿರಬಹುದು. ಪ್ರೋಗ್ರಾಮಿನ ಒಳಗಿರುವ ಹೆಲ್ಪ್ ಮಾತ್ರ ಯಾವಾಗಲೂ ಕೈಯಲ್ಲಿರುವ ಆವೃತ್ತಿಯದ್ದೇ. ಅದಕ್ಕೊಂದು ಷರತ್ತಿದೆ: ಪ್ರತಿ ಆಪ್ಶನ್‌ನ ವಿವರಣೆಯನ್ನು ಆ ಆಪ್ಶನ್ ಹುಟ್ಟುವ ಸಾಲಿನಲ್ಲೇ ಬರೆದಿರಬೇಕು. ಬೇರೆ ಫೈಲಿನಲ್ಲಿಟ್ಟ ಹೆಲ್ಪ್ ಆರು ತಿಂಗಳಲ್ಲಿ ಸುಳ್ಳು ಹೇಳತೊಡಗುತ್ತದೆ.

ಉದಾಹರಣೆಗೆ ಒಂದು ಸಣ್ಣ ಸಾಧನ ಇಟ್ಟುಕೊಳ್ಳೋಣ. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್ ಎನ್‌ಕೋಡಿಂಗ್‌ನಲ್ಲಿ ಉಳಿದುಹೋದ ಪಠ್ಯವನ್ನು ಯುನಿಕೋಡ್‌ಗೆ ತರುವ ಕಮಾಂಡ್, ಹೆಸರು ‘ಪಲ್ಲಟ’. ಅದಕ್ಕೆ ಎರಡು ಸಬ್‌ಕಮಾಂಡ್: ‘ತಿರುಗಿಸು’, ‘ಪರೀಕ್ಷಿಸು’. ಈ ಬರಹದಲ್ಲಿ ಕಮಾಂಡು, ಫಂಕ್ಷನ್‌ಗಳ ಹೆಸರನ್ನೆಲ್ಲ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಕೋಡ್ ಬರೆಯುವಾಗ ಅವುಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕೆಂದು ಬೇರೆ ಹೇಳಬೇಕಿಲ್ಲ.

ಯಾವ ಹೆಸರಿಗೆ ಓಗೊಡಬೇಕು

ಎಲ್ಲ ಪ್ರೋಗ್ರಾಮುಗಳೂ --ಹೆಲ್ಪ್ ಮತ್ತು --ವರ್ಶನ್ ಎರಡನ್ನೂ ಒಪ್ಪಬೇಕು, ಉತ್ತರವನ್ನು ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ (ಪ್ರೋಗ್ರಾಮಿನ ಫಲಿತಾಂಶ ಹೊರಬರುವ ಮಾಮೂಲು ದಾರಿ) ಬರೆದು ಯಶಸ್ವಿಯಾಗಿ ಮುಗಿಯಬೇಕು ಎಂಬುದು ಮುಕ್ತ ತಂತ್ರಾಂಶದ ಗ್ನೂ ಯೋಜನೆಯ ಕೋಡಿಂಗ್ ನಿಯಮಗಳ ಮಾತು. ಇದರಲ್ಲಿ ರಾಜಿ ಬೇಡ. ಒಂದಕ್ಷರದ -ಎಚ್ ವಿಷಯ ಹಾಗಲ್ಲ. ಪಿಎಸ್‌ಕ್ಯೂಎಲ್, ಮೈಎಸ್‌ಕ್ಯೂಎಲ್‌ಗಳಲ್ಲಿ -ಎಚ್ ಅಂದರೆ ಹೋಸ್ಟ್, ಡೇಟಾಬೇಸ್ ಇರುವ ಕಂಪ್ಯೂಟರಿನ ಹೆಸರು. ಎಲ್‌ಎಸ್, ಡಿಎಫ್, ಡಿಯುಗಳಲ್ಲಿ ಅದು ಫೈಲಿನ ಗಾತ್ರವನ್ನು ಮನುಷ್ಯರು ಓದುವಂತೆ ತೋರಿಸುವ ಆಪ್ಶನ್. ನಿಮ್ಮ ಸಾಧನದಲ್ಲಿ ಆ ಅಕ್ಷರ ಬಿಡುವಾಗಿದ್ದರೆ ಹೆಲ್ಪ್‌ಗೆ ಕೊಡಿ, ಇಲ್ಲದಿದ್ದರೆ ಬಿಡಿ.

ಆರ್ಗ್‌ಪಾರ್ಸ್ ಎಂಬುದು ಕಮಾಂಡಿನ ಸಾಲನ್ನು ಓದಿ ಬಿಡಿಸುವ ಪೈಥಾನ್ ಲೈಬ್ರರಿ; -ಎಚ್, --ಹೆಲ್ಪ್ ಎರಡನ್ನೂ ಅದು ತಾನೇ ಸೇರಿಸುತ್ತದೆ. ನೀವು -ಎಚ್ ಅನ್ನು ಬೇರೆಯದಕ್ಕೆ ಬಳಸಹೊರಟರೆ ಪ್ರೋಗ್ರಾಮು ಶುರುವಾಗುವಾಗಲೇ ಆಪ್ಶನ್ ಹೆಸರು ಡಿಕ್ಕಿಯಾಯಿತೆಂದು ನಿಲ್ಲುತ್ತದೆ. ಅದಕ್ಕೆ ಪಾರ್ಸರ್ (ಆ ಸಾಲನ್ನು ಬಿಡಿಸುವ ವಸ್ತು) ಕಟ್ಟುವಾಗ ‘ಆಡ್_ಹೆಲ್ಪ್’ ಅನ್ನು ಫಾಲ್ಸ್ ಮಾಡಿ, ಆಮೇಲೆ --ಹೆಲ್ಪ್ ಒಂದನ್ನೇ ‘ಆ್ಯಕ್ಷನ್’ ಬೆಲೆ ‘ಹೆಲ್ಪ್’ ಎಂದು ಕೊಟ್ಟು ಕೈಯಾರೆ ಸೇರಿಸಬೇಕು.

ಸಬ್‌ಕಮಾಂಡ್ ಇರುವ ಸಾಧನವನ್ನು ಜನ ಮೂರು ರೀತಿಯಲ್ಲಿ ಕೇಳುತ್ತಾರೆ:

    ಪಲ್ಲಟ --ಹೆಲ್ಪ್
    ಪಲ್ಲಟ ತಿರುಗಿಸು --ಹೆಲ್ಪ್
    ಪಲ್ಲಟ ಹೆಲ್ಪ್ ತಿರುಗಿಸು

ಮೊದಲೆರಡು ಪುಕ್ಕಟೆ ಸಿಗುತ್ತವೆ. ಗಿಟ್ ಬಳಸಿ ರೂಢಿಯಾದವರು ಮೂರನೆಯದನ್ನು ಟೈಪ್ ಮಾಡಿಯೇ ಮಾಡುತ್ತಾರೆ. ಅದನ್ನು ನಾವೇ ಬರೆಯಬೇಕು. ‘ಹೆಲ್ಪ್’ ಎಂಬ ಇನ್ನೊಂದು ಸಬ್‌ಕಮಾಂಡ್ ಸೇರಿಸಿ, ಅದಕ್ಕೆ ಬೇಕಿದ್ದರೆ ಮಾತ್ರ ಕೊಡುವ ಒಂದು ಆರ್ಗ್ಯುಮೆಂಟ್ ಇಡಿ (‘ಎನ್‌ಆರ್ಗ್ಸ್’ ಬೆಲೆ ಪ್ರಶ್ನಾರ್ಥಕ ಚಿಹ್ನೆ). ‘ಆಡ್_ಸಬ್‌ಪಾರ್ಸರ್ಸ್’ ವಾಪಸು ಕೊಡುವ ವಸ್ತುವಿನ ‘ಚಾಯ್ಸಸ್’ ಒಳಗೆ ಹೆಸರು ಕೊಟ್ಟರೆ ಆ ಸಬ್‌ಕಮಾಂಡಿನ ಪಾರ್ಸರ್ ಸಿಗುತ್ತದೆ. ಅದರ ‘ಪ್ರಿಂಟ್_ಹೆಲ್ಪ್’ ಕರೆದರೆ ಕೆಲಸ ಮುಗಿಯಿತು. ಹೆಸರು ಕೊಡದಿದ್ದರೆ ಮುಖ್ಯ ಪಾರ್ಸರ್‌ನದನ್ನು ಕರೆಯಿರಿ. ನಾಲ್ಕೈದು ಸಾಲಿನ ಕೆಲಸ.

ಏನೂ ಕೊಡದೆ ಬರಿಯ ‘ಪಲ್ಲಟ’ ಎಂದಾಗ? ಸ್ಟ್ಯಾಂಡರ್ಡ್ ಇನ್‌ಪುಟ್ ಓದುವ ಸಾಧನವಾದರೆ ಇಲ್ಲೊಂದು ಬಲೆ ಇದೆ. ಪೈಪ್ (ಒಂದು ಕಮಾಂಡಿನ ಔಟ್‌ಪುಟ್ಟನ್ನು ಇನ್ನೊಂದಕ್ಕೆ ಒಯ್ಯುವ ಕೊಂಡಿ) ಇಲ್ಲದೆ ಓಡಿಸಿದರೆ ಪ್ರೋಗ್ರಾಮು ಕೀಬೋರ್ಡಿನ ದಾರಿ ಕಾಯುತ್ತ ಕೂರುತ್ತದೆ, ನೋಡುವವರಿಗೆ ಅದು ಹ್ಯಾಂಗ್ ಆದಂತೆ ಕಾಣುತ್ತದೆ. ಸ್ಟ್ಯಾಂಡರ್ಡ್ ಇನ್‌ಪುಟ್ ಟರ್ಮಿನಲ್ಲೇ ಆಗಿದೆಯೋ ಎಂದು ‘ಈಸ್‌ಎಟಿಟಿವೈ’ ಕೇಳಿ ನೋಡಿ. ಹೌದಾದರೆ, ಫೈಲಿನ ಹೆಸರೂ ಇಲ್ಲವಾದರೆ, ಕಾಯುವ ಬದಲು ಬಳಕೆಯ ಸಾಲು (ಕಮಾಂಡನ್ನು ಹೇಗೆ ಟೈಪ್ ಮಾಡಬೇಕೆಂದು ಚಿಕ್ಕದಾಗಿ ತೋರಿಸುವುದು) ಮುದ್ರಿಸಿ ನಿಲ್ಲಿಸಿ.

ಎಲ್ಲಿಗೆ ಬರೆಯಬೇಕು

ಬಳಕೆದಾರರು ಕೇಳಿ ಪಡೆದ ಹೆಲ್ಪ್ ಪ್ರೋಗ್ರಾಮಿನ ಫಲಿತಾಂಶವೇ. ಅದು ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಹೋಗಬೇಕು, ಎಗ್ಸಿಟ್ ಕೋಡ್ (ಮುಗಿಯುವಾಗ ಪ್ರೋಗ್ರಾಮು ಕೊಡುವ ಸಂಖ್ಯೆ, 0 ಎಂದರೆ ಯಶಸ್ಸು) 0 ಇರಬೇಕು. ತಪ್ಪು ಟೈಪ್ ಮಾಡಿದ್ದಕ್ಕೆ ನಾವಾಗಿ ತೋರಿಸುವ ಬಳಕೆಯ ಸಾಲು ದೂರು; ಅದು ಸ್ಟ್ಯಾಂಡರ್ಡ್ ಎರರ್‌ಗೆ ಹೋಗಬೇಕು, ಕೋಡ್ 0 ಆಗಬಾರದು. ಆರ್ಗ್‌ಪಾರ್ಸ್ 2 ಕೊಡುತ್ತದೆ. ಇದು ಮಡಿವಂತಿಕೆಯಂತೆ ಕಂಡೀತು. ಆದರೆ ಹೆಲ್ಪ್ ಅನ್ನು ಎರರ್ ದಾರಿಗೆ ಬರೆಯುವ ಸಾಧನದ ಮುಂದೆ ಪೈಪ್ ಹಾಕಿ, ಪದ ಹುಡುಕುವ ಗ್ರೆಪ್ ಕಮಾಂಡಿಗೆ ಕಳಿಸಿ ನೋಡಿ: ಹುಡುಕಿದ ಒಂದು ಸಾಲಿನ ಬದಲು ಅರವತ್ತು ಸಾಲೂ ಪರದೆ ತುಂಬ ಸುರಿಯುತ್ತವೆ, ಏಕೆಂದರೆ ಪೈಪ್ ಒಯ್ಯುವುದು ಔಟ್‌ಪುಟ್ ದಾರಿಯನ್ನು ಮಾತ್ರ. ಪುಟಪುಟವಾಗಿ ತೋರಿಸುವ ಲೆಸ್‌ಗೆ ಕಳಿಸಿದರೂ ಅದೇ ಗತಿ. ಇನ್ನು ತಪ್ಪು ಆಪ್ಶನ್ ಕೊಟ್ಟಾಗಲೂ 0 ಬಂದರೆ, ಗೊತ್ತುಮಾಡಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನಲ್ಲಿ ರಾತ್ರಿ ಓಡುವ ಸ್ಕ್ರಿಪ್ಟ್ ಏನೂ ಮಾಡದೆ ‘ಎಲ್ಲ ಸರಿ’ ಎಂದು ಮುಂದೆ ಹೋಗುತ್ತದೆ.

ತಪ್ಪಾದಾಗ ಇಡೀ ಹೆಲ್ಪ್ ಸುರಿಯುವುದೂ ಬೇಡ. ನಿಜವಾದ ತಪ್ಪಿನ ಸಾಲು ಮೇಲೆ ಸರಿದು ಕಣ್ಮರೆಯಾಗುತ್ತದೆ. ಬಳಕೆಯ ಸಾಲು, ತಪ್ಪು ಏನೆಂಬ ಸಾಲು, ‘ಪೂರ್ತಿ ವಿವರಕ್ಕೆ --ಹೆಲ್ಪ್’ ಎಂಬ ಸಾಲು, ಇಷ್ಟು ಸಾಕು. ಮೊದಲೆರಡು ಆರ್ಗ್‌ಪಾರ್ಸ್‌ನ ‘ಎರರ್’ ಮೆಥಡ್‌ನಲ್ಲೇ ಇವೆ. ಮೂರನೆಯದಕ್ಕೆ ಆ ಮೆಥಡ್ಡನ್ನು ಓವರ್‌ರೈಡ್ ಮಾಡಬೇಕು.

ಪಾರ್ಸರ್ ಕಟ್ಟುವುದು

ಆರ್ಗ್‌ಪಾರ್ಸ್ ಪೈಥಾನ್ 2.7 ಮತ್ತು 3.2ರಿಂದ ಜೊತೆಗೇ ಬರುತ್ತಿದೆ, ಬೇರೆ ಇನ್‌ಸ್ಟಾಲ್ ಬೇಕಿಲ್ಲ. ಪಾರ್ಸರ್‌ಗೆ ಮೊದಲು ಮೂರು ಸಂಗತಿ ಕೊಡಿ: ‘ಪ್ರಾಗ್’, ‘ಡಿಸ್ಕ್ರಿಪ್ಶನ್’, ‘ಎಪಿಲಾಗ್’.

‘ಪ್ರಾಗ್’ ಎಂದರೆ ಬಳಕೆಯ ಸಾಲಿನಲ್ಲಿ ಕಾಣುವ ಹೆಸರು. ಬಿಟ್ಟರೆ ಓಡಿಸಿದ ಫೈಲಿನ ಹೆಸರೇ ಬರುತ್ತದೆ. ಪ್ಯಾಕೇಜನ್ನು ಪೈಥಾನ್ -ಎಂ ಮೂಲಕ ಓಡಿಸಿದಾಗ ಹಳೆಯ ಆವೃತ್ತಿಗಳಲ್ಲಿ ‘__ಮೇನ್__.ಪಿವೈ’ ಎಂದು ತೋರಿಸಿ ಓದುವವರನ್ನು ಗೊಂದಲಕ್ಕೆ ಕೆಡವುತ್ತದೆ. ಹೆಸರನ್ನು ನೀವೇ ಕೊಟ್ಟುಬಿಡಿ.

‘ಡಿಸ್ಕ್ರಿಪ್ಶನ್’ ಒಂದೆರಡು ವಾಕ್ಯ ಸಾಕು. ಸಾಧನ ಏನು ತೆಗೆದುಕೊಳ್ಳುತ್ತದೆ, ಏನು ಕೊಡುತ್ತದೆ, ಮೂಲ ಫೈಲನ್ನು ಮುಟ್ಟುತ್ತದೋ ಇಲ್ಲವೋ. ಮೂರನೆಯದನ್ನು ಬಹಳ ಮಂದಿ ಬಿಟ್ಟಿರುತ್ತಾರೆ, ಹೆದರಿ ಹೆಲ್ಪ್ ತೆರೆಯುವವರು ಹುಡುಕುವುದು ಅದನ್ನೇ. ಇದರ ಬದಲು ಮಾಡ್ಯೂಲಿನ ಡಾಕ್‌ಸ್ಟ್ರಿಂಗ್ (ಫೈಲಿನ ತಲೆಯಲ್ಲಿ ಬರೆದ ವಿವರಣೆ) ಅನ್ನೇ ಕೊಡುವ ರೂಢಿಯೂ ಇದೆ. ಕೊಡಬಹುದು, ಆದರೆ ಪೈಥಾನನ್ನು ಎರಡು ‘ಒ’ಗಳ ಆಪ್ಶನ್ ಹಾಕಿ ಓಡಿಸಿದರೆ ಡಾಕ್‌ಸ್ಟ್ರಿಂಗ್‌ಗಳು ಮಾಯವಾಗುತ್ತವೆ, ಹೆಲ್ಪ್‌ನ ಮುಖವೂ ಖಾಲಿಯಾಗುತ್ತದೆ.

ಇನ್ನು ಆಪ್ಶನ್‌ಗಳು. ಇಲ್ಲೇ ಹೆಚ್ಚಿನ ಹೆಲ್ಪ್ ಸೋಲುವುದು. ‘--ಮಿತಿ’ ಎಂಬ ಆಪ್ಶನ್‌ಗೆ ‘ಮಿತಿಯನ್ನು ನಿಗದಿಪಡಿಸುತ್ತದೆ’ ಎಂದು ಬರೆದರೆ ಬರೆಯದಿದ್ದಂತೆಯೇ. ಯಾವುದರ ಮಿತಿ, ಯಾವ ಅಳತೆಯಲ್ಲಿ, ಕೊಡದಿದ್ದರೆ ಎಷ್ಟು, 0 ಕೊಟ್ಟರೆ ಏನು?

    --ಮಿತಿ ಸಂಖ್ಯೆ   ಗುರುತು ಸಿಗದ ಅಕ್ಷರಗಳು ಇಷ್ಟಾದೊಡನೆ ನಿಲ್ಲು;
                    0 ಎಂದರೆ ನಿಲ್ಲಬೇಡ (ಡೀಫಾಲ್ಟ್: 50)

ಆಪ್ಶನ್‌ನ ಬಲಗಡೆ ಕಾಣುವ ‘ಸಂಖ್ಯೆ’ಗೆ ಮೆಟಾವಾರ್ ಎನ್ನುತ್ತಾರೆ. ಕೊಡದಿದ್ದರೆ ಆಪ್ಶನ್‌ನ ಹೆಸರನ್ನೇ ದೊಡ್ಡಕ್ಷರದಲ್ಲಿ ಮತ್ತೊಮ್ಮೆ ಬರೆದು ಜಾಗ ಹಾಳು ಮಾಡುತ್ತದೆ. ಸೆಕೆಂಡ್, ಫೋಲ್ಡರ್, ಫೈಲ್ ಎಂದು ಬೆಲೆಯ ಜಾತಿ ಹೇಳುವ ಪದ ಇಟ್ಟರೆ ಅರ್ಧ ವಿವರಣೆ ಅಲ್ಲೇ ಮುಗಿಯುತ್ತದೆ. ಆಯ್ಕೆಗಳ ಪಟ್ಟಿ ಇರುವ ಆಪ್ಶನ್‌ನಲ್ಲಿ ಮೆಟಾವಾರ್ ಇಲ್ಲದಿದ್ದರೆ ಪೂರ್ತಿ ಪಟ್ಟಿ ಪುಷ್ಪಾವರಣದೊಳಗೆ ಬಳಕೆಯ ಸಾಲಿನಲ್ಲೂ ಕೆಳಗೂ ಎರಡು ಸಲ ಬರುತ್ತದೆ. ಮೆಟಾವಾರ್ ಇಟ್ಟು ಚಿಕ್ಕದು ಮಾಡಿ, ಆಯ್ಕೆಗಳನ್ನು ವಿವರಣೆಯೊಳಗೆ %(ಚಾಯ್ಸಸ್)ಎಸ್ ಎಂಬ ಗುರುತಿನಿಂದ ತನ್ನಿ.

ಡೀಫಾಲ್ಟ್ ಬೆಲೆಯನ್ನು ಕೈಯಲ್ಲಿ ಬರೆಯಬೇಡಿ. 50 ಅನ್ನು ಕೋಡಿನಲ್ಲಿ 100 ಮಾಡಿದ ದಿನ ವಿವರಣೆಯಲ್ಲಿ 50 ಹಾಗೇ ಉಳಿಯುತ್ತದೆ. %(ಡೀಫಾಲ್ಟ್)ಎಸ್ ಎಂದು ಬರೆದರೆ ನಿಜವಾದ ಬೆಲೆ ತಾನೇ ಬರುತ್ತದೆ. ಇದನ್ನೆಲ್ಲ ತಾನೇ ಮಾಡುವ ‘ಆರ್ಗ್ಯುಮೆಂಟ್‌ಡೀಫಾಲ್ಟ್ಸ್‌ಹೆಲ್ಪ್‌ಫಾರ್ಮ್ಯಾಟರ್’ ಎಂಬ ಕ್ಲಾಸ್ ಇದೆ, ನಮಗದು ಅಷ್ಟಾಗಿ ಹಿಡಿಸದು. ಬರಿಯ ಹೌದು-ಅಲ್ಲ ಆಪ್ಶನ್‌ಗಳ ಮುಂದೆ ‘ಫಾಲ್ಸ್’ ಎಂದೂ, ಬೆಲೆಯಿಲ್ಲದವುಗಳ ಮುಂದೆ ‘ನನ್’ ಎಂದೂ ಅಂಟಿಸುತ್ತದೆ. ಪ್ರೋಗ್ರಾಮರ್ ಅಲ್ಲದವರಿಗೆ ಆ ‘ನನ್’ ಯಾವ ಸೀಮೆಯ ಭಾಷೆ?

ಈ ಶೇಕಡಾ ಚಿಹ್ನೆಯ ಅನುಕೂಲಕ್ಕೆ ಒಂದು ಬೆಲೆ ತೆರಬೇಕು. ವಿವರಣೆಯಲ್ಲಿ ‘10% ಮೀರಿದರೆ’ ಎಂದು ಬರೆದಿರಿ ಎನ್ನಿ. ಆರ್ಗ್‌ಪಾರ್ಸ್ ಅದನ್ನು ಬೆಲೆ ತುಂಬಬೇಕಾದ ಜಾಗವೆಂದು ತಿಳಿದು ಮುಗ್ಗರಿಸುತ್ತದೆ. 3.12ರಂಥ ಆವೃತ್ತಿಗಳಲ್ಲಿ ಈ ತಪ್ಪು ಹೊರಬೀಳುವುದು ಯಾರಾದರೂ ಹೆಲ್ಪ್ ಕೇಳಿದಾಗ ಮಾತ್ರ. ಉಳಿದ ಕೆಲಸವೆಲ್ಲ ಸರಿಯಾಗಿ ನಡೆಯುತ್ತಿರುವುದರಿಂದ ಬರೆದವರಿಗೆ ಗೊತ್ತೇ ಆಗುವುದಿಲ್ಲ, ಸಹಾಯ ಕೇಳಿದವರಿಗೆ ಟ್ರೇಸ್‌ಬ್ಯಾಕ್ (ಪೈಥಾನ್‌ನ ಉದ್ದನೆಯ ತಪ್ಪಿನ ವರದಿ) ಸಿಗುತ್ತದೆ. ಪರಿಹಾರ ಸುಲಭ: ಎರಡು ಶೇಕಡಾ ಚಿಹ್ನೆ, %%.

ಸಬ್‌ಕಮಾಂಡಿನ ಎರಡು ವಿವರಣೆಗಳು

‘ಆಡ್_ಪಾರ್ಸರ್’ ಕರೆಯುವಾಗ ‘ಹೆಲ್ಪ್’, ‘ಡಿಸ್ಕ್ರಿಪ್ಶನ್’ ಎರಡನ್ನೂ ಕೊಡಬೇಕು, ಎರಡೂ ಬೇರೆ ಬೇರೆ ಕಡೆ ಕಾಣುತ್ತವೆ. ‘ಹೆಲ್ಪ್’ ಎಂಬುದು ತಾಯಿ ಕಮಾಂಡಿನ ಪಟ್ಟಿಯಲ್ಲಿ ಬರುವ ಒಂದು ಸಾಲು. ‘ಡಿಸ್ಕ್ರಿಪ್ಶನ್’ ಬರುವುದು ಆ ಸಬ್‌ಕಮಾಂಡಿನ ಸ್ವಂತ ಹೆಲ್ಪ್‌ನ ಮೇಲ್ಭಾಗದಲ್ಲಿ. ಮೊದಲನೆಯದನ್ನು ಬಿಟ್ಟರೆ ಸಬ್‌ಕಮಾಂಡ್ ಪಟ್ಟಿಯಲ್ಲಿ ತನ್ನದೇ ಸಾಲು ಪಡೆಯುವುದಿಲ್ಲ, ಪುಷ್ಪಾವರಣದ ಗುಂಪಿನಲ್ಲಿ ಹೆಸರಷ್ಟೇ ಇರುತ್ತದೆ. ಎರಡನೆಯದನ್ನು ಬಿಟ್ಟರೆ ‘ಪಲ್ಲಟ ತಿರುಗಿಸು --ಹೆಲ್ಪ್’ ಎಂದವರಿಗೆ ಆಪ್ಶನ್‌ಗಳ ಪಟ್ಟಿ ಸಿಗುತ್ತದೆ, ಕಮಾಂಡ್ ಏನು ಮಾಡುತ್ತದೆಂಬುದೇ ಸಿಗುವುದಿಲ್ಲ.

ಆಪ್ಶನ್‌ಗಳು ಹತ್ತು ದಾಟಿದರೆ ‘ಆಡ್_ಆರ್ಗ್ಯುಮೆಂಟ್_ಗ್ರೂಪ್’ನಿಂದ ಗುಂಪು ಮಾಡಿ. ಅಕಾರಾದಿಗಿಂತ ಕೆಲಸದ ಪ್ರಕಾರದ ಗುಂಪು ಒಳ್ಳೆಯದು: ಓದುವುದಕ್ಕೆ ಸಂಬಂಧಿಸಿದವು, ಬರೆಯುವುದಕ್ಕೆ ಸಂಬಂಧಿಸಿದವು. ಹಳತಾಗಿ ಕೈಬಿಟ್ಟ ಆಪ್ಶನ್ ಹಳೆಯ ಸ್ಕ್ರಿಪ್ಟ್‌ಗಳಿಗಾಗಿ ಓಡಬೇಕು, ಕಾಣಬಾರದು ಎಂದಿದ್ದರೆ ಅದರ ವಿವರಣೆಯ ಜಾಗದಲ್ಲಿ ‘ಆರ್ಗ್‌ಪಾರ್ಸ್.ಸಪ್ರೆಸ್’ ಇಡಿ.

ಉದಾಹರಣೆಗಳು

ಹೆಲ್ಪ್ ತೆರೆದವರ ಕಣ್ಣು ಮೊದಲು ಹುಡುಕುವುದು ನಕಲು ಮಾಡಿ ಓಡಿಸಬಹುದಾದ ಒಂದು ಸಾಲನ್ನು. ಅದನ್ನು ‘ಎಪಿಲಾಗ್’ನಲ್ಲಿ ಕೊಡಿ. ಮೂರು ಸಾಕು: ತೀರ ಸರಳವಾದದ್ದು, ದಿನಬಳಕೆಯದು, ಎರಡು ಆಪ್ಶನ್ ಸೇರಿಸಿದ್ದು.

    ಉದಾಹರಣೆ:
      ಪಲ್ಲಟ ತಿರುಗಿಸು ವರದಿ.ಟಿಎಕ್ಸ್‌ಟಿ
      ಪಲ್ಲಟ ತಿರುಗಿಸು --ಔಟ್ ಹೊಸದು/ *.ಟಿಎಕ್ಸ್‌ಟಿ
      ಪಲ್ಲಟ ಪರೀಕ್ಷಿಸು --ಮಿತಿ 0 ವರದಿ.ಟಿಎಕ್ಸ್‌ಟಿ

ಹೀಗೆ ಬರೆದು ಓಡಿಸಿದರೆ ಮೊದಲ ಸಲ ಎಲ್ಲ ಸಾಲೂ ಒಂದಕ್ಕೊಂದು ಅಂಟಿ ಒಂದೇ ಪ್ಯಾರಾ ಆಗಿ ಬರುತ್ತದೆ. ಆರ್ಗ್‌ಪಾರ್ಸ್ ಪಠ್ಯದ ಸಾಲು ಮುರಿತವನ್ನೆಲ್ಲ ಅಳಿಸಿ ಪರದೆಯ ಅಗಲಕ್ಕೆ ತಾನೇ ಮುರಿಯುವುದು ಇದಕ್ಕೆ ಕಾರಣ. ‘ಫಾರ್ಮ್ಯಾಟರ್_ಕ್ಲಾಸ್’ಗೆ ‘ರಾ‌ಡಿಸ್ಕ್ರಿಪ್ಶನ್‌ಹೆಲ್ಪ್‌ಫಾರ್ಮ್ಯಾಟರ್’ ಕೊಟ್ಟರೆ ಡಿಸ್ಕ್ರಿಪ್ಶನ್, ಎಪಿಲಾಗ್ ಎರಡೂ ಬರೆದ ಹಾಗೇ ಉಳಿಯುತ್ತವೆ, ಆಪ್ಶನ್‌ಗಳ ವಿವರಣೆ ಮಾತ್ರ ಎಂದಿನಂತೆ ಅಗಲಕ್ಕೆ ಹೊಂದುತ್ತದೆ. ‘ರಾ‌ಟೆಕ್ಸ್ಟ್‌ಹೆಲ್ಪ್‌ಫಾರ್ಮ್ಯಾಟರ್’ ಬೇಡ, ಅದು ಆಪ್ಶನ್‌ಗಳ ವಿವರಣೆಯನ್ನೂ ಮುಟ್ಟದೆ ಬಿಡುವುದರಿಂದ ಚಿಕ್ಕ ಕಿಟಕಿಯಲ್ಲಿ ಸಾಲುಗಳು ಅಡ್ಡಾದಿಡ್ಡಿ ಮುರಿಯುತ್ತವೆ.

ಈ ಫಾರ್ಮ್ಯಾಟರ್ ತಾಯಿಯಿಂದ ಮಗುವಿಗೆ ಇಳಿದು ಬರುವುದಿಲ್ಲ. ಮುಖ್ಯ ಪಾರ್ಸರ್‌ಗೆ ಕೊಟ್ಟಿದ್ದೀರಿ, ಸಬ್‌ಕಮಾಂಡಿನ ಉದಾಹರಣೆಗಳು ಇನ್ನೂ ಮುದ್ದೆಯಾಗಿವೆ ಎಂದರೆ ಕಾರಣ ಇದೇ. ಪ್ರತಿ ‘ಆಡ್_ಪಾರ್ಸರ್’ನಲ್ಲೂ ಮತ್ತೆ ಕೊಡಬೇಕು. ಕೋಡಿನ ಇಂಡೆಂಟೇಶನ್ ಪರದೆಗೂ ಬರದಂತೆ ಪಠ್ಯವನ್ನು ‘ಟೆಕ್ಸ್ಟ್‌ರ್‍ಯಾಪ್.ಡೀಡೆಂಟ್’ನಿಂದ ಹಾಯಿಸಿ. ಟ್ಯಾಬ್, ಸ್ಪೇಸ್ ಬೆರೆತಿದ್ದರೆ ಡೀಡೆಂಟ್ ಕೈಚೆಲ್ಲುತ್ತದೆ. ಮೂರು ಉದ್ಧರಣ ಚಿಹ್ನೆಯ ಪಕ್ಕದಲ್ಲೇ ಪಠ್ಯ ಶುರು ಮಾಡಿದರೂ ಅಷ್ಟೆ: ಮೊದಲ ಸಾಲಿಗೆ ಇಂಡೆಂಟೇ ಇಲ್ಲದಿರುವುದರಿಂದ ತೆಗೆಯಬಹುದಾದ ಸಮಾನ ಅಂತರವೇ ಅದಕ್ಕೆ ಸಿಗುವುದಿಲ್ಲ. ಚಿಹ್ನೆಯ ನಂತರ ಒಂದು ಬ್ಯಾಕ್‌ಸ್ಲ್ಯಾಶ್ ಹಾಕಿ ಮುಂದಿನ ಸಾಲಿನಿಂದ ಬರೆಯಿರಿ.

ಹೆಲ್ಪ್‌ಗೆ ಷರತ್ತು ಬೇಡ

ಕಾನ್ಫಿಗ್ ಫೈಲ್ ಸಿಗಲಿಲ್ಲ ಎಂದು ಬರುತ್ತಿದೆ. ಎಲ್ಲಿಡಬೇಕೆಂದು ತಿಳಿಯಲು --ಹೆಲ್ಪ್ ಕೇಳಿದರೆ ಮತ್ತದೇ ಉತ್ತರ. ಇಂಥ ಸಾಧನಗಳು ಬೇಕಾದಷ್ಟಿವೆ. ಆರ್ಗ್ಯುಮೆಂಟ್‌ಗಳನ್ನು ಓದುವ ಕೆಲಸ ಮೊದಲು. ಕಾನ್ಫಿಗ್, ಡೇಟಾಬೇಸ್, ನೆಟ್‌ವರ್ಕ್, ರೂಟ್ ಅನುಮತಿಯ ಪರೀಕ್ಷೆ ಎಲ್ಲ ಆಮೇಲೆ. ಪ್ಯಾಂಡಾಸ್‌ನಂಥ ಭಾರದ ಲೈಬ್ರರಿಗಳನ್ನು ಫೈಲಿನ ತಲೆಯಲ್ಲಿ ಇಂಪೋರ್ಟ್ ಮಾಡಿದರೆ ಬರಿಯ ಹೆಲ್ಪ್‌ಗೂ ಅವೆಲ್ಲ ಮೆಮೊರಿಗೆ ಬರಬೇಕು, ಹಳೆಯ ಲ್ಯಾಪ್‌ಟಾಪಿನಲ್ಲಿ ಸೆಕೆಂಡುಗಟ್ಟಲೆ ಕಾಯಬೇಕು. ಅಂಥ ಇಂಪೋರ್ಟುಗಳನ್ನು ಕೆಲಸ ಮಾಡುವ ಫಂಕ್ಷನ್ನಿನೊಳಗೆ ಇಳಿಸಿ. ಲೈಬ್ರರಿ ಇನ್‌ಸ್ಟಾಲ್ ಆಗಿಲ್ಲದಿದ್ದರೂ ಹೆಲ್ಪ್ ತೆರೆದುಕೊಳ್ಳುತ್ತದೆ.

ಒಂದು ಮಿತಿ ಗೊತ್ತಿರಲಿ. ಆರ್ಗ್‌ಪಾರ್ಸ್ ಎಡದಿಂದ ಬಲಕ್ಕೆ ಓದುತ್ತ ಹೋಗುತ್ತದೆ. ‘--ಮಿತಿ ಹತ್ತು --ಹೆಲ್ಪ್’ ಎಂದರೆ ‘ಹತ್ತು’ ಸಂಖ್ಯೆಯಲ್ಲ ಎಂಬ ದೂರು ಮೊದಲು ಬರುತ್ತದೆ, ಹೆಲ್ಪ್ ಬರುವುದಿಲ್ಲ. ಆದರೆ ಕೊಡಲೇಬೇಕಾದ ಆರ್ಗ್ಯುಮೆಂಟ್ ಬಿಟ್ಟಿದ್ದರೆ ಹೆಲ್ಪ್‌ಗೆ ಅಡ್ಡಿಯಿಲ್ಲ, ಆ ಲೆಕ್ಕ ನೋಡುವುದು ಕೊನೆಯಲ್ಲಿ.

ಕನ್ನಡದಲ್ಲಿ ಹೆಲ್ಪ್ ಬರೆಯುವಾಗ

ಪಲ್ಲಟದಂಥ ಸಾಧನ ಬಳಸುವವರು ಹೆಚ್ಚಾಗಿ ಡಿಟಿಪಿಯವರು, ಗ್ರಂಥಾಲಯದವರು, ಪತ್ರಿಕೆಯವರು. ಅವರಿಗೆ ಕನ್ನಡದಲ್ಲೇ ಹೆಲ್ಪ್ ಕೊಡುವುದು ನ್ಯಾಯ. ಇಲ್ಲಿ ತಾಂತ್ರಿಕ ತೊಡಕಿಗಿಂತ ಮೊದಲು ವ್ಯಾಕರಣದ ತೊಡಕು ಎದುರಾಗುತ್ತದೆ.

‘ಹಳೆಯ ಫೈಲನ್ನು ಅಳಿಸಿ’ ಎಂದು ಒಂದು ಆಪ್ಶನ್‌ನ ಮುಂದೆ ಬರೆದಿದೆ ಎನ್ನಿ. ಇದು ಯಾರಿಗೆ ಹೇಳಿದ್ದು? ‘ಈ ಆಪ್ಶನ್ ಕೊಟ್ಟರೆ ಪ್ರೋಗ್ರಾಮು ಅಳಿಸುತ್ತದೆ’ ಎಂದೋ, ‘ಇದನ್ನು ಕೊಡುವ ಮೊದಲು ನೀವೇ ಅಳಿಸಿ’ ಎಂದೋ? ಅದಲ್ಲದೆ ‘ಅಳಿಸಿ’ ಎಂಬುದು ‘ಅಳಿಸಿ ಬರೆ’ ಎಂಬಲ್ಲಿಯಂತೆ ಮುಂದಿನ ಕ್ರಿಯೆಗೆ ಕಾದಿರುವ ರೂಪವೂ ಹೌದು. ಡೇಟಾ ಹೋಗುವ ಜಾಗದಲ್ಲಿ ಈ ಸಂದಿಗ್ಧ ಇರಕೂಡದು. ಒಂದು ನಿಯಮ ಮಾಡಿಕೊಂಡರೆ ಸಾಕು: ಆಪ್ಶನ್‌ನ ವಿವರಣೆಯಲ್ಲಿ ಪ್ರೋಗ್ರಾಮಿಗೆ ಏಕವಚನದ ಆಜ್ಞೆ, ‘ಅಳಿಸು’, ‘ತೋರಿಸು’, ‘ನಿಲ್ಲು’. ಬಳಕೆದಾರರಿಗೆ ಹೇಳುವ ಮಾತಿಗೆ ಮಾತ್ರ ‘ಇರಿ’ ಸೇರಿದ ಗೌರವದ ರೂಪ, ‘ಮೊದಲು ಬ್ಯಾಕಪ್ ಮಾಡಿಟ್ಟುಕೊಳ್ಳಿರಿ’. ಪ್ರೋಗ್ರಾಮಿಗೆ ಬಹುವಚನ ಕೊಡದಿದ್ದರೆ ಯಾರೂ ಬೇಸರ ಪಟ್ಟುಕೊಳ್ಳುವುದಿಲ್ಲ.

ಎರಡನೆಯದು ವಿಭಕ್ತಿ. ಬೆಲೆ ತುಂಬುವ ಗುರುತಿಗೆ ಪ್ರತ್ಯಯ ಅಂಟಿಸಬೇಡಿ. ‘%(ಡೀಫಾಲ್ಟ್)ಎಸ್’ ಮುಂದೆ ‘ರಲ್ಲಿ’ ಎಂದು ಬರೆದರೆ 50ರಲ್ಲಿ ಎಂದಾಗ ಸರಿ, ಬೆಲೆ ಫೋಲ್ಡರಿನ ಹೆಸರಾದರೆ ‘ಹೊಸದುರಲ್ಲಿ’ ಆಗುತ್ತದೆ. ‘ಡೀಫಾಲ್ಟ್:’ ಎಂದು ಬರೆದು, ಬೆಲೆಯನ್ನು ಕೊನೆಗೆ ಬಿಡಿಯಾಗಿ ಇಡಿ. ಅಂಕಿಗಳ ವಿಷಯದಲ್ಲಿ ಒಂದು ಸ್ವಾರಸ್ಯ: ಪೈಥಾನ್‌ನ ‘ಇಂಟ್’ ಕನ್ನಡ ಅಂಕಿಗಳನ್ನೂ ಒಪ್ಪುತ್ತದೆ, ‘--ಮಿತಿ ೫೦’ ಎಂದರೂ 50 ಎಂದೇ ತಿಳಿಯುತ್ತದೆ. ಶೆಲ್ ಸ್ಕ್ರಿಪ್ಟಿನ ಲೆಕ್ಕಾಚಾರ ಹಾಗೆ ಒಪ್ಪುವುದಿಲ್ಲ.

ಮೂರನೆಯದು ಅಗಲ. ಆರ್ಗ್‌ಪಾರ್ಸ್ ಸಾಲು ಮುರಿಯುವಾಗ ಎಣಿಸುವುದು ಯುನಿಕೋಡ್ ಬಿಂದುಗಳನ್ನು (ವ್ಯಂಜನ, ವಿರಾಮ, ಸ್ವರಚಿಹ್ನೆ ಒಂದೊಂದಕ್ಕೂ ಇರುವ ಬಿಡಿ ಸಂಕೇತ), ಕಣ್ಣಿಗೆ ಕಾಣುವ ಅಕ್ಷರಗಳನ್ನಲ್ಲ. ‘ಕ್ಷ’ ಅದರ ಲೆಕ್ಕದಲ್ಲಿ 3, ‘ಸ್ತ್ರೀ’ 6. ಹಾಗಾಗಿ ಕನ್ನಡದ ಸಾಲುಗಳು ಪರದೆಯ ಅಂಚು ಮುಟ್ಟುವ ಮೊದಲೇ ಮುರಿಯುತ್ತವೆ. ಅದು ಅಷ್ಟು ದೊಡ್ಡ ತೊಂದರೆಯಲ್ಲ. ತೊಂದರೆ ಇರುವುದು ಎಡಗಡೆಯ ಕಾಲಮ್ಮಿನಲ್ಲಿ: ಮೆಟಾವಾರ್ ಕನ್ನಡದಲ್ಲಿದ್ದರೆ ಬಲಗಡೆಯ ವಿವರಣೆ ಒಂದೊಂದು ಸಾಲಿನಲ್ಲಿ ಒಂದೊಂದು ಕಡೆ ನಿಲ್ಲುತ್ತದೆ. ಬ್ಯಾಶ್‌ನ ಪ್ರಿಂಟ್‌ಎಫ್ ಬಳಸಿದರೆ ಇನ್ನೂ ಕೆಟ್ಟದು, ಅದು ಅಗಲವನ್ನು ಬೈಟ್‌ಗಳಲ್ಲಿ ಎಣಿಸುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಬಿಂದುವಿಗೂ 3 ಬೈಟ್.

ಕಾಲಮ್ ಜೋಡಿಸುವ ಗೋಜೇ ಬೇಡ ಎಂಬುದು ನಮ್ಮ ತೀರ್ಮಾನ. ಆಪ್ಶನ್ ಒಂದು ಸಾಲಿನಲ್ಲಿ, ವಿವರಣೆ ಅದರ ಕೆಳಗೆ ತುಸು ಒಳಸರಿದು ಬರಲಿ. ಆರ್ಗ್‌ಪಾರ್ಸ್‌ನಲ್ಲಿ ವಿವರಣೆ ಶುರುವಾಗುವ ಜಾಗದ ಗರಿಷ್ಠ ಮಿತಿ 24ನೇ ಕಾಲಮ್. ‘ಮ್ಯಾಕ್ಸ್_ಹೆಲ್ಪ್_ಪೊಸಿಷನ್’ ಅನ್ನು 8ಕ್ಕೆ ಇಳಿಸಿದರೆ 4 ಬಿಂದುಗಳಿಗಿಂತ ಉದ್ದದ ಯಾವ ಆಪ್ಶನ್ನೂ ಅದರೊಳಗೆ ಹಿಡಿಸದೆ ವಿವರಣೆ ಕೆಳಗಿನ ಸಾಲಿಗೆ ಹೋಗುತ್ತದೆ. ಇದನ್ನು ಫಾರ್ಮ್ಯಾಟರ್ ಕ್ಲಾಸಿಗೆ ಸುತ್ತಿದ ಒಂದು ಲ್ಯಾಂಬ್ಡಾದಲ್ಲಿ ಕೊಡಬೇಕು. ವಿವರಣೆಗೆ ಜಾಗವೂ ಹೆಚ್ಚು ಸಿಗುತ್ತದೆ. ತೀರ ಕಿರಿದಾದ ಪರದೆಯಲ್ಲಿ ಸಾಲಿಗಿಂತ ಉದ್ದದ ಪದವನ್ನು ಆರ್ಗ್‌ಪಾರ್ಸ್ ನಡುವೆಯೇ ಕತ್ತರಿಸುತ್ತದೆ, ಒತ್ತಕ್ಷರದ ಮಧ್ಯದಲ್ಲಿ ಕತ್ತರಿ ಬೀಳಲೂಬಹುದು. ಆದ್ದರಿಂದ ಸಂಧಿ ಸಮಾಸಗಳ ಸರಪಳಿ ಕಟ್ಟದೆ ಪದಗಳನ್ನು ಬಿಡಿಸಿ ಬರೆಯುವುದು ಲೇಸು.

ಕಾಣದ ಅಕ್ಷರವೊಂದು ಕಾಡುವುದುಂಟು. ‘ಟರ್ಮಿನಲ್‌ನಲ್ಲಿ’ ಎಂಬಂಥ ಪದಗಳಲ್ಲಿ ಒತ್ತು ಕೂಡಿಕೊಳ್ಳದಂತೆ ತಡೆಯುವ ಶೂನ್ಯ ಅಗಲದ ಬಿಂದು ಇರುತ್ತದೆ. ಹೆಲ್ಪ್‌ನಲ್ಲಿ ಅದಿದ್ದು, ಗ್ರೆಪ್ ಮಾಡುವವರು ಅದಿಲ್ಲದೆ ಟೈಪ್ ಮಾಡಿದರೆ ಪದ ಸಿಗುವುದಿಲ್ಲ. ಜನ ಹುಡುಕುವ ಮುಖ್ಯ ಪದಗಳನ್ನು ಪ್ರತ್ಯಯವಿಲ್ಲದೆ ಒಮ್ಮೆಯಾದರೂ ಬಿಡಿಯಾಗಿ ಬರೆದಿರಿ.

ಎಲ್ಲ ಟರ್ಮಿನಲ್‌ಗಳೂ ಒತ್ತಕ್ಷರವನ್ನು ಸರಿಯಾಗಿ ಬರೆಯವು. ಲಿನಕ್ಸ್‌ನ ಬರಿಯ ಕನ್ಸೋಲಿನಲ್ಲಿ ಫಾಂಟಿಗೆ ಹೆಚ್ಚೆಂದರೆ 512 ಆಕೃತಿಗಳ ಜಾಗ. ಅಲ್ಲಿ ಕನ್ನಡ ಮೂಡುವುದೇ ಇಲ್ಲ. ‘ಟರ್ಮ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ‘ಲಿನಕ್ಸ್’ ಎಂದಿದ್ದರೆ ಇಂಗ್ಲಿಷ್ ಪಠ್ಯ ತೋರಿಸಿ. ವಿಂಡೋಸ್‌ನಲ್ಲಿ ಇನ್ನೊಂದು ವಿಚಿತ್ರ: ಪರದೆಗೆ ಸರಿಯಾಗಿ ಬಂದ ಕನ್ನಡ ಹೆಲ್ಪ್, ಫೈಲಿಗೋ ಪೈಪಿಗೋ ಕಳಿಸಿದ ಕೂಡಲೇ ಎನ್‌ಕೋಡ್ ಎರರ್ ಕೊಟ್ಟು ಬೀಳುತ್ತದೆ. ಪೈಪ್ ಹಾಕಿದಾಗ ಪೈಥಾನ್ ಸಿಸ್ಟಮ್ಮಿನ ಹಳೆಯ ಕೋಡ್‌ಪೇಜಿಗೆ ಹಿಂದಿರುಗುವುದೇ ಕಾರಣ. ಪ್ರೋಗ್ರಾಮಿನ ಮೊದಲಲ್ಲೇ ಸ್ಟ್ಯಾಂಡರ್ಡ್ ಔಟ್‌ಪುಟ್ ಮೇಲೆ ‘ರೀಕಾನ್ಫಿಗರ್’ ಕರೆದು ಎನ್‌ಕೋಡಿಂಗ್ ಯುಟಿಎಫ್-8 ಎಂದು ಹೇಳಿ. ಈ ಮೆಥಡ್ 3.7ರಿಂದ ಇದೆ.

ಎರಡೂ ಭಾಷೆ ಬೇಕಾದರೆ, ಪ್ರೋಗ್ರಾಮಿನ ಪಠ್ಯಗಳ ಅನುವಾದವನ್ನು ಕ್ಯಾಟಲಾಗ್ ಫೈಲಿನಿಂದ ತರುವ ಗೆಟ್‌ಟೆಕ್ಸ್ಟ್ ಬಳಸಿ. ಆರ್ಗ್‌ಪಾರ್ಸ್ ತನ್ನ ಸ್ವಂತ ಪದಗಳನ್ನೂ, ಅಂದರೆ ಬಳಕೆ, ಆಪ್ಶನ್‌ಗಳು ಎಂಬ ತಲೆಬರಹ ಮುಂತಾದವನ್ನೂ, ಗೆಟ್‌ಟೆಕ್ಸ್ಟ್ ಮೂಲಕವೇ ತರುತ್ತದೆ. ಆದ್ದರಿಂದ ‘ಟೆಕ್ಸ್ಟ್‌ಡೊಮೇನ್’, ‘ಬೈಂಡ್‌ಟೆಕ್ಸ್ಟ್‌ಡೊಮೇನ್’ ಎರಡನ್ನೂ ಪಾರ್ಸರ್ ಕಟ್ಟುವ ಮೊದಲೇ ಕರೆದಿರಬೇಕು. ಕೆಲವು ತಲೆಬರಹಗಳು ಪಾರ್ಸರ್ ಹುಟ್ಟುವಾಗಲೇ ನಿರ್ಧಾರವಾಗಿಬಿಡುತ್ತವೆ. ಬಳಕೆಯ ಮೂಲ ಪದದ ಕೊನೆಗೆ ಕೋಲನ್ ಆದಮೇಲೆ ಒಂದು ಸ್ಪೇಸ್ ಇದೆ. ಅನುವಾದದಲ್ಲೂ ಅದನ್ನು ಉಳಿಸಿ. ಅನುವಾದಕರು ಬೆಲೆಯ ಗುರುತಿನ ಕೊನೆಯ ‘ಎಸ್’ ಅಕ್ಷರವನ್ನು ಕೈತಪ್ಪಿ ಬಿಟ್ಟರೆ ಹೆಲ್ಪ್ ಮುರಿಯುತ್ತದೆ. ಅನುವಾದದ ಫೈಲನ್ನು ‘ಎಂಎಸ್‌ಜಿಎಫ್‌ಎಂಟಿ’ ಎಂಬ ಸಾಧನಕ್ಕೆ -ಸಿ ಆಪ್ಶನ್ ಕೊಟ್ಟು ಕಂಪೈಲ್ ಮಾಡಿದರೆ, ಪೈಥಾನ್ ಫಾರ್ಮ್ಯಾಟ್ ಎಂದು ಗುರುತಿಸಿದ ಸಾಲುಗಳಲ್ಲಿ ಅದು ಸಿಕ್ಕಿಬೀಳುತ್ತದೆ. ಎಫ್-ಸ್ಟ್ರಿಂಗ್‌ಗಳನ್ನು ಅನುವಾದಕ್ಕೆ ಕೊಡಬೇಡಿ, ಬೆಲೆ ತುಂಬಿದ ಮೇಲಿನ ವಾಕ್ಯ ಕ್ಯಾಟಲಾಗಿನಲ್ಲಿ ಇರುವುದಿಲ್ಲ.

ಬರಿಯ ಶೆಲ್ ಸ್ಕ್ರಿಪ್ಟಿಗೆ

ಪೈಥಾನ್ ಇಲ್ಲದೆ ಬ್ಯಾಶ್‌ನಲ್ಲೇ ಬರೆದ ಸಾಧನವಾದರೆ ಹೆಲ್ಪ್ ಅನ್ನು ಹಿಯರ್‌ಡಾಕ್‌ನಲ್ಲಿಟ್ಟು (ಎರಡು ಗುರುತಿನ ಪದಗಳ ನಡುವೆ ಸ್ಕ್ರಿಪ್ಟಿನೊಳಗೇ ಬರೆದ ಪಠ್ಯ) ಕ್ಯಾಟ್ ಕಮಾಂಡಿನಿಂದ ಮುದ್ರಿಸುವುದು ರೂಢಿ. ಆರಂಭದ ಗುರುತಿನ ಪದವನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಬರೆಯಲೇಬೇಕು:

    ಕ್ಯಾಟ್ <<'ಮುಗಿಯಿತು'

ಚಿಹ್ನೆ ಬಿಟ್ಟರೆ ಒಳಗಿನ ಡಾಲರ್ ಪದಗಳು ಬೆಲೆಗಳಾಗಿ ಬದಲಾಗುತ್ತವೆ. ಅದಕ್ಕಿಂತ ಅಪಾಯ ಬ್ಯಾಕ್‌ಟಿಕ್ ಚಿಹ್ನೆಯದು. ಮಾರ್ಕ್‌ಡೌನ್ ಅಭ್ಯಾಸದಲ್ಲಿ ಕಮಾಂಡಿನ ಸುತ್ತ ಬ್ಯಾಕ್‌ಟಿಕ್ ಹಾಕಿ ‘ಇದನ್ನು ಓಡಿಸಬೇಡಿ’ ಎಂದು ಬರೆದಿದ್ದರೆ, ಹೆಲ್ಪ್ ತೋರಿಸುವ ನೆಪದಲ್ಲಿ ಶೆಲ್ ಅದನ್ನು ಓಡಿಸಿಯೇ ಬಿಡುತ್ತದೆ.

ಮ್ಯಾನ್ ಪೇಜು ಬೇಕೇ

ಮ್ಯಾನ್ ಪೇಜು ಎಂದರೆ ‘ಮ್ಯಾನ್’ ಕಮಾಂಡ್ ತೋರಿಸುವ ಕೈಪಿಡಿಯ ಪುಟ. ಯುನಿಕ್ಸ್ ಕೈಪಿಡಿಯ ಮೊದಲ ಆವೃತ್ತಿ ಹೊರಬಂದದ್ದು 1971ರ ನವೆಂಬರಿನಲ್ಲಿ. ಹೆಸರು, ಬಳಕೆ, ವಿವರಣೆ, ಫೈಲುಗಳು, ದೋಷಗಳು ಎಂಬ ಅದರ ಕ್ರಮ ಇವತ್ತಿಗೂ ನಡೆಯುತ್ತಿದೆ. ಹೆಲ್ಪ್ ಎರಡು ಪರದೆ ಮೀರಿ ಬೆಳೆದರೆ ಉದ್ದನೆಯ ಮಾತನ್ನು ಮ್ಯಾನ್ ಪೇಜಿಗೆ ಕಳಿಸುವ ಕಾಲ ಬಂದಿದೆ ಎಂದರ್ಥ. ಗಿಟ್‌ನಲ್ಲಿ ಇದನ್ನು ನೋಡಬಹುದು: ಸಬ್‌ಕಮಾಂಡಿಗೆ -ಎಚ್ ಕೊಟ್ಟರೆ ಚಿಕ್ಕ ಪಟ್ಟಿ, --ಹೆಲ್ಪ್ ಕೊಟ್ಟರೆ ಮ್ಯಾನ್ ಪೇಜು. ಹೆಲ್ಪ್2ಮ್ಯಾನ್ ಎಂಬ ಸಾಧನ ನಿಮ್ಮ --ಹೆಲ್ಪ್, --ವರ್ಶನ್ ಎರಡರ ಉತ್ತರವನ್ನು ಓದಿ ಮ್ಯಾನ್ ಪೇಜು ಕಟ್ಟಿಕೊಡುತ್ತದೆ. ಹಾಗೆ ಮಾಡಿದರೆ ಎರಡು ಕಡೆ ಬರೆಯುವ, ಎರಡೂ ಬೇರೆಬೇರೆಯಾಗುವ ಕಾಟ ತಪ್ಪುತ್ತದೆ.

ಪರೀಕ್ಷೆ

ಹೆಲ್ಪ್ ಮುರಿದರೆ ಬರೆದವರಿಗೆ ಕೊನೆಗೆ ತಿಳಿಯುತ್ತದೆ, ಏಕೆಂದರೆ ಅವರು ಅದನ್ನು ತೆರೆಯುವುದೇ ಇಲ್ಲ. ಆದ್ದರಿಂದ ಯಂತ್ರವೇ ತೆರೆಯಲಿ. ಪ್ರತಿ ಸಬ್‌ಕಮಾಂಡಿಗೂ --ಹೆಲ್ಪ್ ಕೊಟ್ಟು ಓಡಿಸಿ. ಕೋಡ್ 0, ಎರರ್ ದಾರಿ ಖಾಲಿ, ಔಟ್‌ಪುಟ್ ದಾರಿಯಲ್ಲಿ ಏನಾದರೂ ಇದೆ ಎಂದು ಖಚಿತಪಡಿಸಿಕೊಳ್ಳಿ. ಒಂಟಿ ಶೇಕಡಾ ಚಿಹ್ನೆಯ ತಪ್ಪು, ಅನುವಾದದಲ್ಲಿ ಕಳೆದುಹೋದ ‘ಎಸ್’ ಎರಡೂ ಇಲ್ಲೇ ಸಿಗುತ್ತವೆ. ‘ಲ್ಯಾಂಗ್ವೇಜ್’ ವೇರಿಯಬಲ್ಲನ್ನು ಕನ್ನಡಕ್ಕೆ ಇಟ್ಟು ಒಮ್ಮೆ, ಇಂಗ್ಲಿಷಿಗೆ ಇಟ್ಟು ಒಮ್ಮೆ ಓಡಿಸಿ. ಎರಡೂ ಸಲ ಸಿಸ್ಟಮ್ಮಿನ ಲೊಕೇಲ್ ‘ಸಿ’ ಆಗಿಲ್ಲವೆಂದು ನೋಡಿಕೊಳ್ಳಿ.

‘ಕಾಲಮ್ಸ್’ ಎಂಬ ವೇರಿಯಬಲ್‌ಗೆ 40, 80, 120 ಕೊಟ್ಟರೆ ಆರ್ಗ್‌ಪಾರ್ಸ್ ಅದನ್ನೇ ಪರದೆಯ ಅಗಲವೆಂದು ನಂಬಿ, ಅಂಚಿಗೆ 2 ಬಿಟ್ಟು ಸಾಲು ಮುರಿಯುತ್ತದೆ. ಮೂರನ್ನೂ ಕಣ್ಣಾರೆ ನೋಡಿ. ಹೆಲ್ಪ್‌ನ ಪೂರ್ತಿ ಪಠ್ಯವನ್ನು ಫೈಲಿನಲ್ಲಿಟ್ಟು ಅಕ್ಷರಕ್ಕಕ್ಷರ ಹೋಲಿಸುವ ಪರೀಕ್ಷೆ ಬೇಡ. ಪೈಥಾನ್ 3.10ರಲ್ಲಿ ಆಪ್ಶನ್‌ಗಳ ಇಂಗ್ಲಿಷ್ ತಲೆಬರಹವೇ ಎರಡು ಪದದಿಂದ ಒಂದು ಪದಕ್ಕೆ ಇಳಿದಾಗ ಅಂಥ ಪರೀಕ್ಷೆಗಳು ಸುಮ್ಮನೆ ಕೆಂಪಾದವು. ಅದರ ಬದಲು ಪಾರ್ಸರ್‌ನ ‘_ಆ್ಯಕ್ಷನ್ಸ್’ ಪಟ್ಟಿಯಲ್ಲಿ ಒಂದೊಂದನ್ನೂ ಹಿಡಿದು ವಿವರಣೆ ಖಾಲಿ ಇದೆಯೇ ಎಂದು ನೋಡಿ. ಅಡಿಗೆರೆಯಿಂದ ಶುರುವಾಗುವ ಹೆಸರಾದ್ದರಿಂದ ಅಧಿಕೃತವಾಗಿ ಮುಟ್ಟಬಾರದ್ದು, ಆದರೆ ಪರೀಕ್ಷೆಯೊಳಗೆ ಅಷ್ಟು ಸಲುಗೆ ನಡೆಯುತ್ತದೆ. ಹೊಸ ಆಪ್ಶನ್ ಸೇರಿಸಿ ವಿವರಣೆ ಮರೆತವರ ಕಮಿಟ್ ಅಲ್ಲೇ ನಿಲ್ಲುತ್ತದೆ.

ಉಳಿದದ್ದು ಎಪಿಲಾಗ್‌ನ ಉದಾಹರಣೆಗಳು. ಪರೀಕ್ಷೆಯಲ್ಲಿ ಎಪಿಲಾಗ್ ಪಠ್ಯವನ್ನೇ ಓದಿ, ‘ಪಲ್ಲಟ’ ಎಂದು ಶುರುವಾಗುವ ಸಾಲುಗಳನ್ನು ಆರಿಸಿ, ಮಾದರಿ ಫೈಲುಗಳಿರುವ ತಾತ್ಕಾಲಿಕ ಫೋಲ್ಡರಿನಲ್ಲಿ ಶೆಲ್ ಮೂಲಕ ಓಡಿಸಿ. ಶೆಲ್ ಇಲ್ಲದೆ ಓಡಿಸಿದರೆ ನಕ್ಷತ್ರ ಚಿಹ್ನೆ ಫೈಲುಗಳ ಹೆಸರಾಗಿ ಬಿಚ್ಚಿಕೊಳ್ಳದೆ, ಎರಡನೆಯ ಉದಾಹರಣೆ ‘ಫೈಲ್ ಸಿಗಲಿಲ್ಲ’ ಎಂದು ಸೋಲುತ್ತದೆ.